ಹೊಸಮನಿ ಸರ್ ಮಡಚಿದ ಕರವಸ್ತ್ರ

ಹೊಸಮನಿ ಸರ್ ಬೇರೆಯವರ ಕರವಸ್ತ್ರ ಮಡಚುತ್ತಿದ್ದರು. ತಮ್ಮದನ್ನಲ್ಲ, ತಮ್ಮದು ಪ್ಯಾಂಟಿನ ಜೇಬಿನಲ್ಲಿ ಉಂಡೆಯಾಗಿ ಬಿದ್ದಿರುತ್ತಿತ್ತು. ರೈಲಿನ ಖಾಲಿ ಸೀಟಿನ ಮೇಲೆ ಯಾರೋ ಹಾಕಿಟ್ಟ ಕರವಸ್ತ್ರವನ್ನು ಎರಡು ಬೆರಳಲ್ಲಿ ಎತ್ತಿ, ಒಮ್ಮೆ ಒದರಿ, ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿ, ಇಸ್ತ್ರಿ ಅಂಗಡಿಯವನ ಹಾಗೆ ಅಂಗೈಯಿಂದ ಒತ್ತಿ, "ಯೇ ಕಿಸ್ಕಾ ಹೈ?" ಇದು ಯಾರದು ಎಂದು ಇಡೀ ಡಬ್ಬಿಗೆ ಕೇಳುವಂತೆ ಕೇಳುತ್ತಿದ್ದರು. ಅಷ್ಟರಲ್ಲಿ ನಿಂತವರಲ್ಲಿ ಯಾರನ್ನಾದರೂ ಆ ಸೀಟಿನಲ್ಲಿ ಕೂರಿಸಿಯೂ ಆಗಿರುತ್ತಿತ್ತು. ಅವರು ಹಾಗೆ ಕೇಳುವಾಗಲೆಲ್ಲ ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಅಹಮದಾಬಾದಿನಿಂದ ವಡೋದರಾಕ್ಕೆ ದಿನಾ ಹೋಗಿ ಬರುವವರಿಗೆ ಅಪ್-ಡೌನ್‌ವಾಲಾಗಳು ಎಂದು ಹೆಸರು. ಬೆಳಗಿನ ಏಳೂವರೆಯ ಗಾಡಿ ಅವರದು. ರೈಲ್ವೆಯವರ ಕಾನೂನು ಏನೇ ಇರಲಿ, ಆ ಗಾಡಿಯೊಳಗೆ ನಡೆಯುವುದು ಅವರ ಕಾನೂನು. ಮೊದಲ ಸ್ಟೇಷನ್ನಿನಲ್ಲಿ ಹತ್ತಿದವನು ಮುಂದೆ ಮಣಿನಗರದಲ್ಲಿ, ಅದರಾಚೆ ಇನ್ನೆಲ್ಲೋ ಹತ್ತುವ ತನ್ನ ಗುಂಪಿನವರಿಗಾಗಿ ಸೀಟಿನ ಮೇಲೆ ಕರವಸ್ತ್ರ ಹಾಕುತ್ತಾನೆ. ಹಾಕಿದ ಮೇಲೆ ಅಲ್ಲಿ ಮನುಷ್ಯ ಕೂತ ಹಾಗೆಯೇ ಲೆಕ್ಕ. ಎಷ್ಟೇ ನೂಕುನುಗ್ಗಲಿರಲಿ, ಹೆಂಗಸರು ಮಕ್ಕಳು ನೇತಾಡಿಕೊಂಡಿರಲಿ, ಆ ಒಂದು ಗೇಣು ಬಟ್ಟೆಯನ್ನು ಯಾರೂ ಮುಟ್ಟುವುದಿಲ್ಲ. ಹೊಸಮನಿ ಸರ್ ಮುಟ್ಟುತ್ತಿದ್ದರು.

ಅವರ ಪರಿಚಯವಾದದ್ದು ನಾನು ಬೈಸಿಕೊಂಡದ್ದರಿಂದ. ಆಗ ನಾನು ವಡೋದರಾದ ಅಲ್ಕಾಪುರಿಯ ಒಂದು ಕಂಪನಿಗೆ ಹೊಸದಾಗಿ ಸೇರಿದ್ದೆ. ಗೆಳತಿಯರ ಜೊತೆ ಮಣಿನಗರದಲ್ಲಿ ಫ್ಲ್ಯಾಟ್ ಇದ್ದುದರಿಂದ ಅಲ್ಲಿಂದಲೇ ಓಡಾಟ. ಒಂದು ಬೆಳಿಗ್ಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ತುಮಕೂರಿನ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ತಿಂಡಿಯ ಡಬ್ಬಿ ಒಂದು ಕೈಯಲ್ಲಿದ್ದುದರಿಂದ ಸ್ಪೀಕರ್ ಹಾಕಿದ್ದೆ. ಇಲ್ಲಿ ಕನ್ನಡ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ. ಅಮ್ಮ ತನ್ನ ಶುಗರ್ ವರದಿ ಓದುತ್ತಿದ್ದಳು. ಹಿಂದಿನಿಂದ ಯಾರೋ ಗಂಟಲು ಸರಿಮಾಡಿಕೊಂಡರು.

"ತಂಗಿ, ನಿಮ್ಮವ್ವಗ ಸಕ್ಕರಿ ಬ್ಯಾನಿ ಐತಿ ಅಂತ ಮಣಿನಗರ ಸ್ಟೇಷನ್ನಿಗೆಲ್ಲಾ ಯಾಕ ಹೇಳ್ತಿ? ಪಾಪ, ಆಕಿಗೆ ಗೊತ್ತೈತೇನ ನಾವೆಲ್ಲಾ ಕೇಳಾಕತ್ತೀವಿ ಅಂತ?"

ತಿರುಗಿದರೆ ಅರವತ್ತರ ಆಸುಪಾಸಿನ ಮನುಷ್ಯ. ಬಿಳಿ ಅರೆತೋಳಿನ ಅಂಗಿ, ಹಣೆಯ ಮೇಲೆ ತೆಳ್ಳಗೆ ವಿಭೂತಿ, ಕಂಕುಳಲ್ಲಿ ಛತ್ರಿ. ಛತ್ರಿ ಮಳೆಗಲ್ಲ, ಬಿಸಿಲಿಗೆ. ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ಅಮ್ಮ ಆ ಕಡೆಯಿಂದ "ಯಾರೇ ಅದು?" ಎಂದು ಕೇಳುತ್ತಿದ್ದಳು. ಅವರು ನಕ್ಕು, "ಗದಗಿನಾಂವರೀ ಅವ್ವಾರ, ಹೊಸಮನಿ. ಕಾಳಜಿ ಮಾಡಬ್ಯಾಡ್ರಿ, ಮೆಂತ್ಯ ನೆನಸಿ ಕುಡೀರಿ," ಎಂದು ಫೋನಿಗೇ ಹೇಳಿ ದೂರ ಹೋಗಿ ನಿಂತರು. ಅವತ್ತಿನಿಂದ ಮೂರನೇ ಡಬ್ಬಿಯಲ್ಲಿ ಅವರ ಪಕ್ಕ ನಿಂತು ಹೋಗುವುದು ನನ್ನ ರೂಢಿಯಾಯಿತು. ಅವರು ಅಲ್ಕಾಪುರಿಯ ಒಂದು ವಿಮಾ ಕಚೇರಿಯಲ್ಲಿ ಅಧಿಕಾರಿ. ನಿವೃತ್ತಿಗೆ ಒಂದು ವರ್ಷ ಇದೆಯೆನ್ನುವಾಗ ಅಹಮದಾಬಾದಿನಿಂದ ವಡೋದರಾಕ್ಕೆ ವರ್ಗವಾಗಿತ್ತು. ಹೆಂಡತಿ ಗಿರಿಜಮ್ಮನವರಿಗೆ ಮೊಣಕಾಲು ನೋವು, ಮನೆ ಬದಲಿಸುವುದು ಬೇಡವೆಂದು ಇವರೇ ಓಡಾಡುತ್ತಿದ್ದರು.

"ಕಣ್ಣಿಗೆ ರೆಪ್ಪಿ ಐತಿ, ಬಾಯಿಗೆ ತುಟಿ ಐತಿ. ಕಿವಿಗೆ ಮುಚ್ಚಳಾನ ಇಟ್ಟಿಲ್ಲ ನೋಡು ದೇವರು. ಅಂದ ಮ್ಯಾಲ ಮಂದಿ ಕಿವಿ ಕಾಯೋದು ನಮ್ಮ ಜವಾಬ್ದಾರಿ," ಎನ್ನುತ್ತಿದ್ದರು. ಒಮ್ಮೆ ಎದುರು ಸೀಟಿನವನೊಬ್ಬ ಸ್ಪೀಕರ್ ಹಾಕಿಕೊಂಡು ಭಾವನೊಂದಿಗೆ ಮಗಳ ಮದುವೆಯ ಊಟದ ಪಟ್ಟಿ ಮಾಡುತ್ತಿದ್ದ. ಸರ್ ಹತ್ತು ನಿಮಿಷ ತಲೆ ಬಗ್ಗಿಸಿ ಕೇಳಿದರು. ಆಮೇಲೆ ಮುಂದಕ್ಕೆ ಬಾಗಿ, ತಮ್ಮ ಗದಗಿನ ಹಿಂದಿಯಲ್ಲಿ, ಪನೀರು ಎರಡು ಬಗೆ ಯಾಕೆ, ಒಂದು ಸಾಕು, ಚಳಿಗಾಲ ಬೇರೆ, ತರಕಾರಿಯ ಊಂಧಿಯು ಇಡಿ ಎಂದು ಫೋನಿಗೆ ಹೇಳಿದರು. ಆ ಕಡೆಯ ಭಾವ "ಅದು ಸರಿ" ಎಂದುಬಿಟ್ಟ. ಇಡೀ ಡಬ್ಬಿ ನಕ್ಕಿತು. ಆ ಮನುಷ್ಯನೂ ನಕ್ಕು ಫೋನನ್ನು ಕಿವಿಗೆ ಒತ್ತಿಕೊಂಡ. ನಾನು ಮಾತ್ರ ನಗಲಿಲ್ಲ, ಇವನು ಇನ್ನೇನು ಎದ್ದು ಹೊಡೆಯುತ್ತಾನೆ ಎಂದು ಬಾಗಿಲ ಕಡೆ ಸರಿದು ನಿಂತಿದ್ದೆ.

ನನ್ನ ಸ್ವಭಾವವೇ ಅದು. ಅನ್ಯಾಯ ನನಗೂ ಕಾಣುತ್ತದೆ, ಮೈ ಉರಿಯುತ್ತದೆ, ಆದರೆ ಬಾಯಿ ಬರುವುದಿಲ್ಲ. ಎದುರು ಸೀಟಿಗೆ ಚಪ್ಪಲಿಗಾಲು ಚಾಚಿದವರು, ಕಡಲೆಕಾಯಿ ಸಿಪ್ಪೆಯನ್ನು ಪಕ್ಕದವರ ಕಾಲಬುಡಕ್ಕೆ ಉದುರಿಸುವವರು, ಲಿಫ್ಟಿನ ಬಾಗಿಲು ತೆರೆದ ಕೂಡಲೇ ಒಳಗಿನವರು ಇಳಿಯುವ ಮೊದಲೇ ನುಗ್ಗುವವರು, ಇವರೆಲ್ಲರನ್ನೂ ನಾನು ಮನಸ್ಸಿನಲ್ಲಿ ಚೆನ್ನಾಗಿ ಬೈಯುತ್ತೇನೆ. ಸರ್‌ಗೆ ಮನಸ್ಸಿಗೂ ಬಾಯಿಗೂ ನಡುವೆ ಬಾಗಿಲೇ ಇರಲಿಲ್ಲ. ವಸ್ತ್ರಾಪುರ ಕೆರೆಗೆ ಹೆಂಡತಿಯನ್ನು ಗಾಳಿಗೆ ಕರೆದುಕೊಂಡು ಹೋದವರು, ನಾಲ್ಕು ಜನ ಕೈ ಕೈ ಹಿಡಿದು ದಾರಿಯಗಲ ನಡೆಯುತ್ತಿದ್ದರೆಂದು ಜಗಳ ಮಾಡಿಕೊಂಡು, ಕೆರೆಯನ್ನೇ ನೋಡದೆ ಬಂದಿದ್ದರು. "ಜಗಳಾ ಮಾಡ್ಲಿಲ್ಲ ತಂಗಿ, ಕೇಳಿದೆ ಅಷ್ಟ," ಎನ್ನುವುದು ಪ್ರತಿ ಜಗಳದ ಕೊನೆಗೂ ಅವರು ಕೊಡುತ್ತಿದ್ದ ವಿವರಣೆ.

ಒಮ್ಮೆ ಅದು ನಗುವ ಮಾತಾಗಿ ಉಳಿಯಲಿಲ್ಲ. ಮಣಿನಗರದ ಮೇಲ್ಸೇತುವೆಯ ಮೆಟ್ಟಿಲಿಳಿಯುವಾಗ ನಮ್ಮ ಮುಂದಿದ್ದ ಒಬ್ಬ ಬಾಯ್ತುಂಬ ಮಾವಾ ತುಂಬಿಕೊಂಡಿದ್ದ. ಅಡಿಕೆ ತಂಬಾಕಿನ ಆ ಉಂಡೆ ಈ ಊರಿನಲ್ಲಿ ಅನೇಕರ ದವಡೆಯಲ್ಲಿ ಸದಾ ಇರುತ್ತದೆ. ಅವನು ಮೂಲೆಯ ಗೋಡೆಗೆ ಪಿಚಕ್ಕೆಂದು ಉಗಿದ. ಸರ್ ಅಲ್ಲಿಯೇ ನಿಂತರು. ಚೀಲದಿಂದ ನೀರಿನ ಬಾಟಲಿ ತೆಗೆದು, ಗೋಡೆಗೆ ನೀರು ಸುರಿದು, ಅಂದಿನ ಪೇಪರಿನ ಹಾಳೆಯೊಂದನ್ನು ಹರಿದು ಒರೆಸತೊಡಗಿದರು. ಅವನು ತಿರುಗಿ ನೋಡಿದ. ಎರಡು ಮೆಟ್ಟಿಲು ವಾಪಸು ಹತ್ತಿ ಬಂದು ಅವರ ಕಾಲರ್ ಹಿಡಿದ. ನನಗೆ ಮರ್ಯಾದೆ ಕಲಿಸುತ್ತೀಯಾ ಎಂದು ಏನೇನೋ ಕೂಗಿದ. ಜನ ಸುತ್ತುಗಟ್ಟಿದರು. ಸರ್ ಕೈಯಲ್ಲಿ ಆ ಕೆಂಪು ಕಾಗದ ಹಾಗೇ ಇತ್ತು. "ನಾನು ನಿಮಗೆ ಏನೂ ಅನ್ನಲಿಲ್ಲವಲ್ಲ," ಎಂದಷ್ಟೇ ಹಿಂದಿಯಲ್ಲಿ ಹೇಳಿದರು. ಗಾಡಿ ಬಂತು, ಅವನು ಕಾಲರ್ ಬಿಟ್ಟು ಓಡಿದ.

ಡಬ್ಬಿಯಲ್ಲಿ ನಿಂತ ಮೇಲೆ ನೋಡಿದರೆ ಅವರು ಆ ಕೆಂಪು ಕಾಗದವನ್ನು ಇನ್ನೂ ಹಿಡಿದುಕೊಂಡೇ ಇದ್ದರು. "ಸರ್, ಯಾಕೆ ಬೇಕು ನಿಮಗೆ ಇದೆಲ್ಲ? ಚಾಕು ಗೀಕು ಇದ್ದಿದ್ರೆ?" ಎಂದೆ, ಸ್ವಲ್ಪ ಜೋರಾಗಿಯೇ.

"ನಂಗೂ ಅಂಜಿಕಿ ಬರ್ತೈತಿ ತಂಗಿ. ಬರೂದಿಲ್ಲ ಅನಕೊಂಡೀ ಏನ?" ಅಂದರು. ಆಮೇಲೆ ಸೂರತ್ತಿನ ಕತೆ ಹೇಳಿದರು. ಅಲ್ಲಿಯ ಸಂಬಂಧಿಕರ ಮನೆಯಿಂದ ಗಂಡ ಹೆಂಡತಿ ವಾಪಸು ಬರುತ್ತಿದ್ದರಂತೆ. ಗಿರಿಜಮ್ಮನವರ ಮೊಣಕಾಲು ಬಾತಿತ್ತು. "ಡಬ್ಬಿಯೊಳಗ ಹನ್ನೊಂದು ಕರವಸ್ತ್ರ ಕುಂತಿದ್ದವು. ನನ್ನ ಹೇಣ್ತಿ ನಿಂತಿದ್ಲು. ಎಣಿಸೇನಿ ನಾ. ಎಣಿಸ್ಕೋತ ನಿಂತೆ, ಕೇಳಲಿಲ್ಲ. ಮುಂದ ಎರಡು ತಿಂಗಳು ಆಕಿ ಹಾಸಿಗಿ ಬಿಟ್ಟು ಏಳಲಿಲ್ಲ. ಅವತ್ತ ಕೇಳಬೇಕಿತ್ತು." ಅಷ್ಟು ಹೇಳಿ ಪೇಪರಿನ ಉಳಿದ ಹಾಳೆಗಳನ್ನು ಓದತೊಡಗಿದರು.

ಈ ಕತೆ ಕೇಳಿಯೂ ನಾನು ಮಾಡಿದ್ದು ಬೇರೆ. ನನಗೆ ದಿನವೂ ನಿಂತು ಸಾಕಾಗಿತ್ತು. ಅದಕ್ಕಿಂತ ಹೆಚ್ಚಾಗಿ, 'ಆ ಅಂಕಲ್ ಕಡೆಯವಳು' ಎಂದು ಡಬ್ಬಿಯವರೆಲ್ಲ ನನ್ನನ್ನೂ ಸೇರಿಸಿ ನೋಡುವುದು ಸಾಕಾಗಿತ್ತು. ಐದನೇ ಡಬ್ಬಿಯಲ್ಲಿ ನನ್ನ ಆಫೀಸಿನ ಹೇತಲ್‌ಬೇನ್ ಇರುತ್ತಿದ್ದಳು. ಅವಳ ಗುಂಪಿನ ಯಜಮಾನ ಜಯೇಶ್‌ಭಾಯ್. ಒಳ್ಳೆಯ ಜನ, ಸುಳ್ಳು ಹೇಳಬಾರದು. ಮಡಿಲ ಮೇಲೆ ಟವೆಲ್ ಹಾಸಿ ಇಸ್ಪೀಟು ಆಡುವರು, ಥೇಪ್ಲಾ ರೊಟ್ಟಿ ಹಂಚಿಕೊಳ್ಳುವರು, ಯಾರಿಗಾದರೂ ಜ್ವರ ಬಂದರೆ ಮನೆಗೆ ಹೋಗಿ ವಿಚಾರಿಸುವರು. ಆ ಗುಂಪಿಗೆ ಸೇರುವುದೆಂದರೆ ನಮ್ಮದೊಂದು ಕರವಸ್ತ್ರವನ್ನು ಜಯೇಶ್‌ಭಾಯ್‌ಗೆ ಕೊಡುವುದು. ಅವರು ಮೊದಲ ಸ್ಟೇಷನ್ನಿನಲ್ಲಿ ಹತ್ತಿ, ಚೀಲದಿಂದ ಒಂದೊಂದೇ ತೆಗೆದು ಸೀಟಿನ ಮೇಲೆ ಹರಡಿ, ಎಲ್ಲರಿಗೂ ಜಾಗ ಕಾಯುವರು.

ನಾನು ಕೊಟ್ಟದ್ದು ಬಿಳಿ ಬಟ್ಟೆಗೆ ನೀಲಿ ಅಂಚಿನದು. ಹಾಸ್ಟೆಲಿಗೆ ಸೇರಿದಾಗ ಬಟ್ಟೆ ಕಲೆಸಿಹೋಗದಿರಲಿ ಎಂದು ಅಮ್ಮ ನನ್ನ ಎಲ್ಲದರ ಮೂಲೆಗೂ ಕೆಂಪು ದಾರದಲ್ಲಿ 'ಸು' ಎಂದು ಹೊಲಿದಿದ್ದಳು. ಸುಮಾ ಎನ್ನುವುದರ ಸು. ಜಯೇಶ್‌ಭಾಯ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದೇನು ಹೂವೋ ಬಳ್ಳಿಯೋ ಎಂದು ಕೇಳಿದ್ದರು. ಹೂವೇ ಅಂದೆ, ನಕ್ಕರು.

ಸರ್‌ಗೆ ಮಾತ್ರ, "ಇನ್ಮೇಲೆ ಲೇಡೀಸ್ ಡಬ್ಬೀಲಿ ಹೋಗ್ತೀನಿ ಸರ್, ಅಲ್ಲಿ ಸ್ವಲ್ಪ ಜಾಗ ಇರುತ್ತೆ," ಎಂದು ಸುಳ್ಳು ಹೇಳಿದೆ. "ಛಲೋ ಆತು, ಆರಾಮ ಹೋಗು," ಅಂದರು. ಮೂರು ವಾರ ನಾನು ಪ್ಲಾಟ್‌ಫಾರ್ಮಿನ ಕಂಬದ ಮರೆಯಲ್ಲಿ ನಿಂತು, ಅವರು ಮೂರನೇ ಡಬ್ಬಿ ಹತ್ತಿದ್ದನ್ನು ನೋಡಿಕೊಂಡು ಐದನೆಯದಕ್ಕೆ ಓಡುತ್ತಿದ್ದೆ. ಕೂತು ಹೋಗುವ ಸುಖಕ್ಕೆ ಇಷ್ಟು ಕಳ್ಳತನ ಏನು ಮಹಾ ಅನ್ನಿಸುತ್ತಿತ್ತು.

ಒಂದು ದಿನ ಕಂಬದ ಮರೆಯಿಂದ ನೋಡಿದರೆ ಸರ್ ಕಾಣಲಿಲ್ಲ. ರಜೆ ಹಾಕಿರಬೇಕೆಂದು ನಿರಾಳವಾಗಿ ಐದನೇ ಡಬ್ಬಿ ಹತ್ತಿದೆ. ಬಾಗಿಲಲ್ಲೇ ಇಬ್ಬರು ದಪ್ಪ ಗಂಡಸರ ಬೆನ್ನು. ಅವರ ಹೆಗಲ ಸಂದಿಯಿಂದ ಮೊದಲು ಕಂಡದ್ದು ಛತ್ರಿ. ಮೂರನೇ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಸರ್ ನಮ್ಮ ಗುಂಪಿನ ಸೀಟುಗಳ ಮುಂದೆ ನಿಂತಿದ್ದರು. ಅವರ ತೋಳು ಹಿಡಿದುಕೊಂಡು ಒಬ್ಬ ಬಡಕಲು ಮನುಷ್ಯ. ಅವನ ಕೈಯಲ್ಲಿ ಒಂದು ಬಟ್ಟೆಯ ಚೀಲ. ಅಂಗಿಯ ಕೆಳಗಿನಿಂದ ಒಂದು ನಳಿಕೆ ಆ ಚೀಲದೊಳಕ್ಕೆ ಇಳಿದಿತ್ತು. ಮೂತ್ರದ ಚೀಲ. ದಾರಿಯ ಮಧ್ಯದ ನಡಿಯಾದಿನ ಆಸ್ಪತ್ರೆಗೆ ಹೊರಟವನು. ಅವನ ಹಣೆಯಲ್ಲಿ ಬೆವರು ಹನಿಗಟ್ಟಿತ್ತು. ಒಂದೇ ಒಂದು ಸೀಟು ಖಾಲಿ ಇತ್ತು, ಅದರ ಮೇಲೆ ನೀಲಿ ಅಂಚಿನ ಕರವಸ್ತ್ರ.

ಸರ್ ಅದನ್ನು ಎತ್ತಿದರು. "ಅಂಕಲ್, ಅಲ್ಲಿ ಜನ ಇದ್ದಾರೆ," ಎಂದು ಜಯೇಶ್‌ಭಾಯ್ ಹಿಂದಿಯಲ್ಲಿ ಅಂದರು.

"ಜನ ಎಲ್ಲಿದ್ದಾರೆ? ಬಟ್ಟೆ ಇದೆ," ಎಂದು ಸರ್ ಅದೇ ಭಾಷೆಯಲ್ಲಿ ಹೇಳಿ, ಎಂದಿನ ಹಾಗೆ ಒದರಿ ಮಡಚತೊಡಗಿದರು. ಒಂದು ಮಡಿಕೆ ಆಯಿತು. ಎರಡನೆಯದಕ್ಕೆ ಅಂಚು ಕೂಡಿಸುವಾಗ ಅವರ ಹೆಬ್ಬೆರಳು ಮೂಲೆಯಲ್ಲಿ ನಿಂತಿತು. ನಾನು ಅದನ್ನೇ ನೋಡುತ್ತಿದ್ದೆ. ಕಂಡಿರಲಿಕ್ಕಿಲ್ಲ, ಕನ್ನಡಕ ಜೇಬಿನಲ್ಲಿದೆ, ಎಂದು ನನಗೆ ನಾನೇ ಹೇಳಿಕೊಂಡೆ. ಅವರು ತಲೆಯೆತ್ತಲಿಲ್ಲ. ಸುತ್ತ ಹುಡುಕಲೂ ಇಲ್ಲ. ನೆಲ ನೋಡುತ್ತಲೇ, ಎಂದಿಗಿಂತ ಮೆಲ್ಲಗೆ, "ಯೇ ಕಿಸ್ಕಾ ಹೈ?" ಎಂದು ಕೇಳಿದರು. ಯಾರದೋ ಅವರು ಒಮ್ಮೆ ನನ್ನದು ಅನ್ನಲಿ, ಇದನ್ನು ಇಲ್ಲಿಯೇ ಇಟ್ಟು ಹೋಗುತ್ತೇನೆ ಎಂದರು.

ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ನನ್ನದು, ಆ ಕಾಯಿಲೆಯವರು ಕೂರಲಿ ಬಿಡಿ ಅಂದಿದ್ದರೆ ಮುಗಿಯುತ್ತಿತ್ತು. ಗುಂಪಿನವರೂ ಒಪ್ಪುತ್ತಿದ್ದರು. ಆದರೆ ಹಾಗಂದರೆ ಲೇಡೀಸ್ ಡಬ್ಬಿಯ ಸುಳ್ಳು ಬಯಲಾಗುತ್ತಿತ್ತು. ದಪ್ಪ ಬೆನ್ನುಗಳ ಹಿಂದೆ ಇನ್ನಷ್ಟು ಸರಿದು ನಿಂತೆ.

ಸರ್ ಕಾದರು. ತುಂಬ ಹೊತ್ತು ಕಾದರು. ಅಷ್ಟು ಹೊತ್ತು ಅವರು ಯಾವ ಕರವಸ್ತ್ರಕ್ಕೂ ಕಾದದ್ದನ್ನು ನಾನು ನೋಡಿರಲಿಲ್ಲ. ಅಷ್ಟರಲ್ಲಿ ಗುಂಪಿಗೆ ಹೊಸದಾಗಿ ಸೇರಿದ್ದ ಭಾವೇಶ ಎಂಬವನು ಎದ್ದು, ಎಷ್ಟು ನಾಟಕ ಆಡ್ತೀರಿ ಎನ್ನುತ್ತ ಕರವಸ್ತ್ರಕ್ಕೆ ಕೈ ಹಾಕಿದ. ಸರ್ ಬಿಡಲಿಲ್ಲ. ಅವನು ಎದೆಗೆ ಕೈಯಿಟ್ಟು ನೂಕಿದ. ಅದೇ ಕ್ಷಣಕ್ಕೆ ಗಾಡಿಯೂ ಹೊರಟಿತು. ಸರ್ ಹಿಂದಕ್ಕೆ ಬಿದ್ದರು, ಬಲಗೈ ಸೀಟಿನ ಕಬ್ಬಿಣದ ಅಂಚಿಗೆ ಬಡಿಯಿತು. ಒಣ ಕಡ್ಡಿ ಮುರಿದ ಹಾಗೆ ಒಂದು ಸದ್ದು. ಅವರು ನೆಲದ ಮೇಲೆ ಕೂತು ಕಣ್ಣು ಮುಚ್ಚಿಕೊಂಡರು.

ನೂಕಿದವನೇ ಭಯಪಟ್ಟು ಹಿಂದೆ ಸರಿದ. ಬಡಕಲು ಮನುಷ್ಯ, ನನ್ನಿಂದ ಆಯಿತು, ನಾನು ನಿಂತೇ ಹೋಗುತ್ತಿದ್ದೆ ಎಂದು ಗುಜರಾತಿಯಲ್ಲಿ ಅಳತೊಡಗಿದ. ಜಯೇಶ್‌ಭಾಯ್ ಎದ್ದು ತಮ್ಮ ಸೀಟಿನಲ್ಲಿ ಅವನನ್ನು ಕೂರಿಸಿದರು, ಸರ್‌ಗೆ ನೀರು ಕುಡಿಸಿದರು. ನನ್ನ ಸೀಟು ಖಾಲಿಯೇ ಇತ್ತು. ನಾನು ಬಾಗಿಲಲ್ಲೇ ಇದ್ದೆ.

ನಡಿಯಾದಿನಲ್ಲಿ, ಯಾರೋ ಫೋನ್ ಮಾಡಿ ಕರೆಸಿದ್ದ ರೈಲ್ವೆ ಪೊಲೀಸಿನವನೊಬ್ಬ ಹತ್ತಿದ. ಯಾರು ನೂಕಿದ್ದು ಎಂದು ಸರ್‌ರನ್ನು ಕೇಳಿದ. ಅವರು ಗಾಡಿ ಜಗ್ಗಿತು, ಬಿದ್ದೆ ಎಂದರು. ಅವನಿಗೆ ನಂಬಿಕೆ ಬರಲಿಲ್ಲ. ನಿಂತವರನ್ನೆಲ್ಲ ಕೇಳುತ್ತ ಬಂದು ನನ್ನನ್ನೂ ಕೇಳಿದ. "ಮೈಂನೇ ನಹೀಂ ದೇಖಾ," ನಾನು ನೋಡಲಿಲ್ಲ ಎಂದೆ. ಅದನ್ನು ಹೇಳುವಾಗಲೇ ಸರ್ ಕೈಯನ್ನು ಎದೆಗೊತ್ತಿಕೊಂಡು ಇಳಿಯಲು ಬಾಗಿಲಿಗೆ ಬಂದರು. ನನ್ನನ್ನು ನೋಡಿದರು. ಆಶ್ಚರ್ಯಪಟ್ಟ ಹಾಗೆ ಕಾಣಲಿಲ್ಲ.

"ಆಫೀಸಿಗೆ ತಡಾ ಆಗ್ತೈತಿ ತಂಗಿ, ನೀ ಹೋಗು," ಅಂದರು.

ನಾನು ಹೋದೆ. ಅದನ್ನು ಬರೆಯದೆ ಇದ್ದರೆ ಈ ಚಿತ್ರ ಅವರೊಬ್ಬರದೇ ಆಗಿ ಚಂದ ಕಾಣುತ್ತಿತ್ತು. ಗಾಡಿ ಹೊರಟ ಮೇಲೆ ಹೇತಲ್‌ಬೇನ್ ನನ್ನ ಕೈ ಹಿಡಿದೆಳೆದು ಅದೇ ಸೀಟಿನಲ್ಲಿ ಕೂರಿಸಿದಳು. ವಡೋದರಾದ ತನಕ ಕೂತೇ ಹೋದೆ. ಕರವಸ್ತ್ರ ಎಲ್ಲೂ ಕಾಣಲಿಲ್ಲ. ಯಾರದೋ ಕಾಲಿಗೆ ಸಿಕ್ಕು ಹೋಗಿರಬೇಕು ಎಂದುಕೊಂಡೆ, ಹೋಗಿದ್ದೇ ಒಳ್ಳೆಯದಾಯಿತು ಎಂದೂ ಅಂದುಕೊಂಡೆ. ಮರುದಿನ ಜಯೇಶ್‌ಭಾಯ್ ಇನ್ನೊಂದು ಕರವಸ್ತ್ರ ಕೇಳಿದರು. ಮರೆತು ಬಂದೆ ಅಂದೆ. ಮುಂದೆಯೂ ಕೊಡಲಿಲ್ಲ, ಆದರೆ ಯಾಕೆ ಎಂದು ಹೇಳುವ ಧೈರ್ಯವೂ ಬರಲಿಲ್ಲ. ಮೂರನೇ ಡಬ್ಬಿಗೆ ಮರಳಿ ಹೋಗಿ ನಿಂತೆ. ಅಲ್ಲಿ ಛತ್ರಿಯವರು ಇರಲಿಲ್ಲ. ಸೀಟುಗಳ ಮೇಲಿನ ಕರವಸ್ತ್ರಗಳನ್ನು ಯಾರೂ ಮುಟ್ಟುತ್ತಿರಲಿಲ್ಲ. ಗಾಡಿ ಬಹಳ ಶಾಂತವಾಗಿ ಹೋಗುತ್ತಿತ್ತು, ಆ ಶಾಂತಿಯನ್ನು ನನಗೆ ತಡೆಯಲಾಗುತ್ತಿರಲಿಲ್ಲ.

ಹದಿನೇಳು ದಿನವಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಒಳಗೆ ರಟ್ಟಿನ ಪೆಟ್ಟಿಗೆಗಳು. ಉಳಿದಿದ್ದ ಎರಡು ತಿಂಗಳಿಗೆ ರಜೆ ಹಾಕಿ, ಗದಗಿಗೆ ಹೊರಟಿದ್ದರು. ಬಲಗೈಗೆ ಮೊಣಕೈ ತನಕ ಪ್ಲಾಸ್ಟರ್. ಗಿರಿಜಮ್ಮನವರು ಗೋಡೆ ಹಿಡಿದು ನಡೆಯುತ್ತಲೇ ಒಗ್ಗರಣೆ ಚುರುಮುರಿ ತಂದುಕೊಟ್ಟರು.

ಸರ್ ಗೆಲುವಾಗಿಯೇ ಇದ್ದರು. ಕೆಳಗಿನ ಮನೆಯವನು ಸ್ಕೂಟರನ್ನು ಗೇಟಿಗೆ ಅಡ್ಡ ನಿಲ್ಲಿಸುತ್ತಾನೆಂದು ದೂರಿದರು. "ನಾಳೆ ನಮ್ಮ ಸಾಮಾನಿನ ಲಾರಿ ಬಂದಾಗ ಐತಿ ಅವಂಗ," ಅಂದರು. ಅಮ್ಮನ ಶುಗರ್ ಕೇಳಿದರು. ನಾನು ಚುರುಮುರಿಯನ್ನು ಬೆರಳಲ್ಲಿ ಆಡಿಸುತ್ತ, "ಸರ್, ಆ ದಿನ..." ಎಂದು ಶುರುಮಾಡಿದೆ.

"ಗಾಡಿ ಜಗ್ಗಿತು ತಂಗಿ," ಎಂದು ಅಲ್ಲಿಗೇ ತಡೆದರು.

"ಗಾಡಿ ಜಗ್ಗಿತಂತ," ಎಂದರು ಗಿರಿಜಮ್ಮ, ಗಂಡನ ಕಡೆ ನೋಡದೆ. "ದವಾಖಾನ್ಯಾಗ ಬಲಗೈಗೆ ಪ್ಲಾಸ್ಟರ್ ಹಾಕಾಕತ್ತಿದ್ರ ಎಡಗೈ ಮುಷ್ಟಿ ಬಿಚ್ಚವಲ್ರು. ಡಾಕ್ಟರ್ ಹೇಳಿದ್ರ ಇಲ್ಲ, ನರ್ಸ್ ಹೇಳಿದ್ರ ಇಲ್ಲ. ನಾ ಹೋದ ಮ್ಯಾಲ ನನ್ನ ಕೈಯಾಗ ಇಟ್ರು. ಒಗದು ಇಸ್ತ್ರಿ ಮಾಡಿಡು ಅಂದ್ರು. ಬ್ಯಾರೆ ಏನೂ ಹೇಳಿಲ್ಲ ನಂಗ."

ಸರ್ ಎದ್ದು ಒಳಗೆ ಹೋದರು. ಬಂದಾಗ ಎಡಗೈಯಲ್ಲಿ ನೀಲಿ ಅಂಚಿನ ಕರವಸ್ತ್ರ ಇತ್ತು. ಒಂದೇ ಕೈಯಲ್ಲಿ ಮಡಚಿದ್ದರು ಕಾಣುತ್ತದೆ, ಅಂಚುಗಳು ಎಂದಿನಷ್ಟು ಕೂಡಿರಲಿಲ್ಲ. 'ಸು' ಮೇಲಕ್ಕೆ ಬಂದಿತ್ತು. ಆ ಡಬ್ಬಿಯಲ್ಲಿ ಅದನ್ನು ಓದಬಲ್ಲವರು ಇಬ್ಬರೇ ಇದ್ದೆವು.

ಅವರು ಅದನ್ನು ನನಗೆ ಕೊಡಲಿಲ್ಲ. ನನ್ನ ಮುಂದೆ ಹಿಡಿದು ನಿಂತರು. ಮುಖದಲ್ಲಿ ಸಿಟ್ಟಿರಲಿಲ್ಲ. ಆ ದಿನ ಡಬ್ಬಿಯಲ್ಲಿ ಕಾದ ಹಾಗೆಯೇ ಕಾಯುತ್ತಿದ್ದರು.

"ಯಾರ್ದು ತಂಗಿ ಇದು?" ಎಂದು ಕೇಳಿದರು.

ಗಿರಿಜಮ್ಮ ಇಬ್ಬರನ್ನೂ ನೋಡುತ್ತಿದ್ದರು. ಕೆಳಗೆ ಯಾರೋ ಸ್ಕೂಟರಿನ ಹಾರ್ನ್ ಒತ್ತಿ ಹಿಡಿದಿದ್ದರು, ಸರ್ ಅದಕ್ಕೂ ತಿರುಗಲಿಲ್ಲ.

"ನಂದು ಸರ್," ಅಂದೆ.

"ಹಾಂ. ಅಷ್ಟ ಕೇಳಿದ್ದೆ ನಾ," ಎಂದು ಕೈಗೆ ಕೊಟ್ಟರು.